ಗೋದಾಮಿನಾಗ ಕಬ್ಬಿಣ ತುಂಬ್ಯಾದ, ಲಾರಿ ಖಾಲಿ ನಿಂತಾವ: ನಮ್ಮಕ್ಕನ ಕೇಸು

ನಂದು ಕಲಬುರಗ್ಯಾಗ ಮೆಡಿಕಲ್ ಶಾಪ್, 22 ವರ್ಷ ಆತು. ಇಷ್ಟು ವರ್ಷದಾಗ ಮಂದಿಗಿ ಕಬ್ಬಿಣದ ಗುಳಿಗಿ ಎಷ್ಟು ಮಾರೀನಿ ಅಂತ ಲೆಕ್ಕ ಇಟ್ಟಿಲ್ಲ, ಆದ್ರ ನಮ್ಮಕ್ಕನಿಗಿ ಎಷ್ಟು ಕೊಟ್ಟೀನಿ ಅನ್ನೋದು ಮಾತ್ರ ಒಂದಿನ ರಾತ್ರಿ ಕುಂತು ಲೆಕ್ಕ ಹಾಕ್ದೆ. ತಿಂಗಳಿಗಿ 10ರ ಸ್ಟ್ರಿಪ್ 3, ಸುಮಾರು 7 ವರ್ಷ, ನಡುನಡುವ ಬಿಟ್ಟಿದ್ದು ತೆಗದ್ರೂ 2,000 ಗುಳಿಗಿ ದಾಟ್ತದ. ಒಂದೊಂದ್ರಾಗ 100 ಮಿಲಿಗ್ರಾಂ ಕಬ್ಬಿಣ, ಅಂದ್ರ 200 ಗ್ರಾಂ. ಮನುಷ್ಯನ ಮೈಯಾಗ ಇರೋ ಕಬ್ಬಿಣನೇ ಒಟ್ಟು 3ರಿಂದ 4 ಗ್ರಾಂ. ತಿಂದಿದ್ದೆಲ್ಲಾ ಮೈಗಿ ಹತ್ತಲ್ಲ, ಬಹುಪಾಲು ಹಂಗೇ ಹೊರಗ ಹೋಗ್ತದ, ಅದು ನನಗೂ ಗೊತ್ತದ. ಆದ್ರೂ ಆ ರಾತ್ರಿ ನಿದ್ದಿ ಬರ್ಲಿಲ್ಲ.

ಅಕ್ಕನ ಫೈಲು ಈಗ ನನ್ನ ಅಂಗಡ್ಯಾಗೇ ಅದ, ಗಲ್ಲೆದ ಕೆಳಗ. ಅದನ್ನ ಮುಂದಿಟ್ಕೊಂಡೇ ಬರೀಲತ್ತೀನಿ. ಅಕಿ ಹೆಸರು, ಊರು ಬ್ಯಾಡ, ಆಳಂದ ತಾಲೂಕು ಅಂದ್ರ ಸಾಕು.

ಅಕ್ಕ ಹುಟ್ಟಿದ್ದು 1973ರಾಗ, ನನಕಿಂತ 5 ವರ್ಷ ದೊಡ್ಡಕಿ. ನಮ್ಮವ್ವನ ಲಗ್ನ ತನ್ನ ಸ್ವಾದರಮಾವನ ಕೂಡನೇ ಆಗಿತ್ತು, ನಮ್ಮ ಕಡಿ ಇದೇನ್ ದೊಡ್ಡ ಸುದ್ದಿ ಅಲ್ಲ, ಆಸ್ತಿ ಹೊರಗ ಹೋಗಲ್ಲ, ಹುಡುಗಿ ಗೊತ್ತಿದ್ದ ಮನಿಗಿ ಹೋಗ್ತಾಳ ಅಂತ ಮಾಡ್ಯಾರ, ಯಾರೂ ಅದರ ಬಗ್ಗೆ ಎರಡನೇ ಮಾತು ಆಡ್ತಿರ್ಲಿಲ್ಲ. ಈ ಒಂದು ಮಾತು ಮುಂದ ಬರ್ತದ, ಅದಕ್ಕ ಮೊದ್ಲೇ ಹೇಳೀನಿ.

ಅಕ್ಕನಿಗಿ ಮೊದಲ್ನೇ ಬಾಣಂತನದಿಂದನೂ ರಕ್ತ ಕಡಿಮಿ. ಹಿಮೋಗ್ಲೋಬಿನ್ 8.5, ಒಮ್ಮೊಮ್ಮೆ 9, ಭಾಳಂದ್ರ 9.8. ಯಾರರ ತಲಿ ಕೆಡಿಸ್ಕೊಳ್ತಾರೇನ್ರಿ ಇದಕ್ಕ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳಾಗ ದೇಶಕ್ಕ 57% ಮಂದಿಗಿ ಅನೀಮಿಯಾ ಅಂತ ಬಂದದ. ನಮ್ಮ ಓಣ್ಯಾಗ ಯಾವ ಹೆಣ್ಮಗಳದ್ದು ರಿಪೋರ್ಟ್ ತೆಗದ್ರೂ 9, 10. ಹಂಗಾಗಿ ಅಕ್ಕಂದೂ ಅದೇ ಅಂತ ಎಲ್ರೂ ಅನ್ಕೊಂಡ್ವಿ, ನಾ ಅಂತೂ ಡಿ.ಫಾರ್ಮ್ ಓದಿದಾಂವ, ನನಗ ಎಲ್ಲಾ ಗೊತ್ತು ಅನ್ನೋ ಗತ್ತು ಬ್ಯಾರಿ. ಊರಿಗಿ ಹೋಗೋ ಬಸ್ಸಿನ ಕಂಡಕ್ಟರ್ ಕೈಯಾಗ ತಿಂಗಳಾ ತಿಂಗಳಾ ಪೊಟ್ಟಣ ಕಳಿಸ್ತಿದ್ದೆ, ಅದರ ಕೂಡ ವಿಟಮಿನ್ ಸಿ ಗುಳಿಗಿನೂ, ಯಾಕಂದ್ರ ಅದ್ರಿಂದ ಕಬ್ಬಿಣ ಛಲೋ ಹತ್ತತದ. ಊಟ ಆದ ಕೂಡ್ಲೇ ಚಾ ಕುಡೀಬ್ಯಾಡ ಅಂತ ಫೋನಿನಾಗ ಬೈತಿದ್ದೆ. ಪುಂಡಿ ಪಲ್ಯ ತಿನ್ನು, ಬೆಲ್ಲ ತಿನ್ನು.

ಹಿಮೋಗ್ಲೋಬಿನ್ ಮಾತ್ರ ಏರ್ಲೇ ಇಲ್ಲ. 2018ರಾಗ ಒಂದು ಖಾಸಗಿ ದವಾಖಾನ್ಯಾಗ ಐರನ್ ಸುಕ್ರೋಸ್ ಡ್ರಿಪ್ 5 ಸಲ ಹಚ್ಚಿಸ್ದೆ. ಮೊದ್ಲ 9.4 ಇತ್ತು, ಎರಡು ತಿಂಗಳಾದ ಮ್ಯಾಲ 9.5. ಇಲ್ಲಿ ನಾನೂ, ಡಾಕ್ಟ್ರೂ ಒಂದು ಪ್ರಶ್ನಿ ಕೇಳಬೇಕಿತ್ತು. ಖರೇನೇ ಕಬ್ಬಿಣ ಕಡಿಮಿ ಇದ್ದ ಮನುಷ್ಯನಿಗಿ ನರದಾಗ ನೇರ ಕಬ್ಬಿಣ ಕೊಟ್ರೂ ರಕ್ತ ಯಾಕ ಏರ್ಲಿಲ್ಲ, ಕೊಟ್ಟಿದ್ದು ಎಲ್ಲಿಗಿ ಹೋತು? ಕೇಳ್ಲಿಲ್ಲ. ಅಕಿ ಮೈ ಹಂಗೇ ಅದ, ಬಿಡು ಅಂದ್ವಿ.

ಇಷ್ಟರಾಗ ಶುಗರ್ ಬ್ಯಾರಿ. ಅದು 2010ರಾಗೇ ಬಂದಿತ್ತು, 37ನೇ ವಯಸ್ಸಿಗಿ, ಅಕಿ ಕಡ್ಡಿ ಹಂಗ ಇದ್ಲು, ನಮ್ಮ ಮನ್ಯಾಗ ಹಿಂದ ಯಾರಿಗೂ ಶುಗರ್ ಇಲ್ಲ. ಗುಳಿಗಿಗಿ ಬಗ್ಲಿಲ್ಲ, ಎರಡು ವರ್ಷದಾಗ ಇನ್ಸುಲಿನ್‌ಗಿ ಬಂತು. ಇದು ಬ್ಯಾರೆ ರೋಗ, ರಕ್ತ ಕಡಿಮಿ ಅನ್ನೋದು ಬ್ಯಾರೆ ರೋಗ, ಅಂತ ಫೈಲೂ ಎರಡು ಮಾಡಿದ್ವಿ.

2019ರ ಬ್ಯಾಸಗಿ. ನಮ್ಮ ಕಡಿ ಬಿಸಿಲು ನಿಮಗ ಗೊತ್ತೇ ಅದ, ಮೇ ತಿಂಗಳದಾಗ ರೋಡಿಗಿ ಇಳದ್ರ ಎಲ್ರೂ ಕಣ್ಣು ಸಣ್ಣ ಮಾಡೇ ನಡೀತಾರ. ಅಕ್ಕನ ಕಣ್ಣು ಮಾತ್ರ ಮನಿ ಒಳಗೂ ಮುಚ್ಕೊಳ್ಲತ್ತಿದ್ವು. ಮಾತಾಡ್ತಾ ಮಾತಾಡ್ತಾ ಎರಡೂ ಕಣ್ಣು ಬಿಗಿ ಆಗಿ ಮುಚ್ಚಿ, ಹುಬ್ಬು ಗಂಟು ಆಗಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚತಿದ್ವು. ಏನಾತಕ್ಕ ಅಂದ್ರ ಏನಿಲ್ಲೋ ತಮ್ಮಾ, ಧೂಳಿ ಬಿದ್ದದ ಅಂತಿದ್ಲು. ಕಣ್ಣಿನ ಡಾಕ್ಟ್ರು ಒಳಗ ನೋಡಿ ಪರದಾಗ ಹಳದಿ ಹಳದಿ ಚುಕ್ಕಿ ಅವ, ಶುಗರ್‌ದೇ ಇರ್ಬೇಕು ಅಂದ್ರು. ಮೂರನೇ ಫೈಲು.

ಆಮ್ಯಾಲ ರೊಟ್ಟಿ. ಇದನ್ನ ಡಾಕ್ಟ್ರ ಯಾವ ಪೇಪರಿನಾಗೂ ಬರ್ದಿಲ್ಲ, ಆದ್ರ ನನ್ನ ಪ್ರಕಾರ ಮೊದಲ್ನೇ ಖರೆ ಲಕ್ಷಣ ಅದೇ. ಅಕ್ಕ ರೊಟ್ಟಿ ಬಡದ್ರ ಅಡಗಿ ಮನಿ ಹೊರಗ ಕುಂತೋರಿಗಿ ಅಕಿನೇ ಅಂತ ಗೊತ್ತಾಗ್ತಿತ್ತು, ಕೈ ಬೀಳೋ ಸಪ್ಪಳ ಅಷ್ಟು ಒಂದೇ ಸಮ, ಟಪ್ ಟಪ್ ಟಪ್ ಅಂತ, ರೊಟ್ಟಿ ತಾನೇ ತಿರುಗ್ತಾ ತಿರುಗ್ತಾ ಅಗಲ ಆಗೋದು. 2021ರ ಎಳ್ಳಾಮಾಸಿಗಿ ಹೊಲಕ್ಕ ಹೋಗೋದಿತ್ತು, ಅಕಿ ಮುಂಜಾನಿ ಸಜ್ಜಿ ರೊಟ್ಟಿ ಬಡೀಲತ್ತಿದ್ಲು, ನಾ ಹೊರಗ ಚಾ ಕುಡೀಲತ್ತಿದ್ದೆ, ಸಪ್ಪಳ ತಪ್ಪಿತು. ಎರಡು ಜಲ್ದಿ ಬೀಳ್ತಾವ, ಒಂದು ತಡ ಆಗ್ತದ, ನಡುವ ಒಮ್ಮೆ ಜೋರು. ಒಳಗ ಹೋಗಿ ನೋಡ್ತೀನಿ ರೊಟ್ಟಿ ಒಂದು ಕಡಿ ದಪ್ಪ, ಒಂದು ಕಡಿ ಹರದದ. ಅಕಿ ಕೈ ಹಿಟ್ಟಿನ ಮ್ಯಾಲ ಇಲ್ಲದಾಗೂ ಬೆರಳು ಸಣ್ಣಕ ಕುಣೀಲತ್ತಿದ್ವು, ಪೇಟಿ ಬಾರಿಸೋರ ಹಂಗ.

ಅಲ್ಲಿಂದ ಇಳಿಜಾರು. ನಡಗಿ ಅಗಲ ಆತು, ಎರಡು ಕಾಲು ದೂರ ದೂರ ಇಟ್ಟು ತೂರಾಡ್ತಾ ನಡೀತಿದ್ಲು, ಮಾತು ತೊದಲು, ಬಾಯಿ ಸೊಟ್ಟ ಸೊಟ್ಟ ಆಗೋದು, ಹೇಳಿದ್ದೇ ಹೇಳೋದು, ಸಿಟ್ಟು. ಊರಾಗ ಗಾಳಿ ಬಡದದ ಅಂದೋರೂ ಇದ್ರು, ದರ್ಗಾಕ್ಕೂ ಹೋಗಿ ಬಂದ್ರು, ಗುಡಿಗೂ ಹೋಗಿ ಬಂದ್ರು, ಅದನ್ನ ನಾ ತಪ್ಪು ಅನ್ನಲ್ಲ, ದವಾಖಾನ್ಯಾಗ ಏನೂ ಸಿಗದಿದ್ದಾಗ ಮನುಷ್ಯ ಎಲ್ಲರ ಹೋಗಬೇಕಲ್ಲ. ಇಲ್ಲೇ ಒಬ್ರು ಪಾರ್ಕಿನ್ಸನ್ ಅಂತ ಲೆವೊಡೋಪಾ ಗುಳಿಗಿ ಬರ್ದ್ರು. ನಾಕು ತಿಂಗಳು ತೊಗೊಂಡ್ಲು, ವಾಂತಿ ಬಂತು, ಫರಕ್ ಏನೂ ಬರ್ಲಿಲ್ಲ.

2023ರಾಗ ಎಂಆರ್‌ಐ. ಫಿಲ್ಮ್ ನೋಡಿದ್ರ ನಡು ಮೆದುಳಿನಾಗ ಇದ್ದಲಿ ಇಟ್ಟಂಗ ಕರ್ರಗ. ಕಬ್ಬಿಣ ಇದ್ದಲ್ಲಿ ಆ ಸ್ಕ್ಯಾನಿನ ಸಿಗ್ನಲ್ ಸಾಯ್ತದ, ಅದಕ್ಕ ಕಪ್ಪು ಕಾಣ್ತದ, ಎಸ್‌ಡಬ್ಲ್ಯುಐ ಅನ್ನೋ ಫೋಟೋದಾಗ ಇನ್ನೂ ಜಾಸ್ತಿ. ರಿಪೋರ್ಟ್ ಬರೆದ ಡಾಕ್ಟ್ರು ಲೋಹ ಕೂತಂಗ ಅದ, ವಿಲ್ಸನ್ ಕಾಯಿಲೆ ಇರಬೌದು, ಸೆರುಲೋಪ್ಲಾಸ್ಮಿನ್ ಅನ್ನೋ ರಕ್ತದ ಪ್ರೋಟೀನಿನ ಟೆಸ್ಟ್ ಮಾಡ್ಸ್ರಿ ಅಂತ ಕೆಳಗ ಒಂದು ಸಾಲು ಬರ್ದಿದ್ರು. ಆ ಒಂದು ಸಾಲಿಗಿ ನಾ ಋಣಿ, ಆದ್ರ ಅದೇ ಸಾಲು ಮತ್ತ ಎರಡು ತಿಂಗಳು ದಾರಿ ತಪ್ಪಿಸ್ತು.

ವಿಲ್ಸನ್ ಅಂದ್ರ ಮೈಯಾಗ ತಾಮ್ರ ಕೂಡೋ ರೋಗ, ಅದ್ರಾಗೂ ಸೆರುಲೋಪ್ಲಾಸ್ಮಿನ್ ಕಡಿಮಿ ಇರ್ತದ. ಅದರ ನಾರ್ಮಲ್ 20ರ ಮ್ಯಾಲ, ಅಕ್ಕನದು ಮಷೀನ್ ಹಿಡಿಯೋದಕ್ಕಿಂತ ಕೆಳಗ, ಅಂದ್ರ ಇಲ್ಲೇ ಇಲ್ಲ ಅನ್ನಂಗ. ರಕ್ತದಾಗ ತಾಮ್ರ 6, ಇರಬೇಕಾದ್ದು 70ರ ಮ್ಯಾಲ. ಒಂದು ದವಾಖಾನ್ಯಾಗ ವಿಲ್ಸನ್ನೇ ಅಂತ ಪಕ್ಕಾ ಮಾಡಿ ತಾಮ್ರ ಹೊರಗ ಹಾಕೋ ಪೆನಿಸಿಲಮೈನ್ ಗುಳಿಗಿ ಚಾಲೂ ಮಾಡ್ಬಿಟ್ರು. ವಿಲ್ಸನ್ ಇದ್ರ ಮೂತ್ರದಾಗ ತಾಮ್ರ ಹೆಚ್ಚು ಹೋಗ್ಬೇಕು, ಮೆದುಳಿಗಿ ಬಂದಿತ್ತಂದ್ರ ಕಣ್ಣಿನ ಕರಿ ಗುಡ್ಡಿ ಸುತ್ತ ಕಂದು ಬಳಿ ಕಾಣ್ಬೇಕು. 24 ತಾಸಿನ ಮೂತ್ರ ಕ್ಯಾನಿನಾಗ ತುಂಬಿ ಕೊಟ್ವಿ, ತಾಮ್ರ 18 ಮೈಕ್ರೋಗ್ರಾಂ ಬಂತು, ನಾರ್ಮಲ್. ಕಣ್ಣಿನಾಗ ಬಳಿ ಇಲ್ಲ. ಈ ರಿಪೋರ್ಟ್ ಗುಳಿಗಿ ಚಾಲೂ ಮಾಡೋಕ್ಕಿಂತ ಮೊದ್ಲ ಬರಬೇಕಿತ್ತು ಅನ್ನೋದು ನನ್ನ ತಕರಾರು, ಆ ದವಾಖಾನಿ ಹೆಸರು ಇಲ್ಲಿ ಬ್ಯಾಡ.

ಕಡೀಕ ಹೈದರಾಬಾದಿಗಿ ಕರ್ಕೊಂಡು ಹೋದ್ವಿ, ಮುಂಜಾನಿ ಟ್ರೇನಿಗಿ, ನಾನು, ಅಕ್ಕನ ಗಂಡ, ನಾವು ಮಾಮಾ ಅಂತೀವಿ, ಮತ್ತ ಅಕಿ ಮಗ. ಅಲ್ಲಿನ ನ್ಯೂರಾಲಜಿ ಡಾಕ್ಟ್ರು ಮೂರೂ ಫೈಲು ಟೇಬಲ್ ಮ್ಯಾಲ ಸಾಲಾಗಿ ಇಟ್ಕೊಂಡ್ರು. ಮೊದ್ಲ ಎಂಆರ್‌ಐ ನೋಡ್ಲಿಲ್ಲ. ಕೇಳಿದ್ದು ಇಷ್ಟು: ರಕ್ತ ಕಡಿಮಿ ಯಾವಾಗಿಂದ? ನಾ 1990ರ ದಶಕದಿಂದ ಅಂದೆ. ಫೆರಿಟಿನ್ ಎಷ್ಟು?

ಫೆರಿಟಿನ್ ಒಮ್ಮೆನೂ ಮಾಡ್ಸಿರ್ಲಿಲ್ಲ. ಇಲ್ಲ, ಒಮ್ಮೆ ಮಾಡ್ಸಿತ್ತು, 2018ರಾಗ ಡ್ರಿಪ್ಪಿಗಿ ಮೊದ್ಲ, 900 ಚಿಲ್ಲರ ಬಂದಿತ್ತು, ಆಗ ಸೋಂಕು ಇದ್ರ ಏರ್ತದ ಅಂತ ಹೇಳಿ ಬಿಟ್ಟಿದ್ರು. ಆ ಮಾತು ಪೂರ್ತಿ ಸುಳ್ಳಲ್ಲ. ಫೆರಿಟಿನ್ ಅಂದ್ರ ಕಬ್ಬಿಣ ಕೂಡಿಡೋ ಪ್ರೋಟೀನ್, ಒಂದೊಂದು ಡಬ್ಬಿಯೊಳಗ 4,500 ತನಕ ಕಬ್ಬಿಣದ ಪರಮಾಣು ಹಿಡೀತಾವ, ಸೋಂಕು, ಉರಿಯೂತ, ಲಿವರ್ ತ್ರಾಸು ಇದ್ದಾಗ ಅದು ಸುಮ್ಕೆ ಏರೋದೂ ಉಂಟು, ದೀರ್ಘ ಕಾಯಿಲೆದ ಅನೀಮಿಯಾದಾಗ ರಕ್ತದ ಕಬ್ಬಿಣ ಕಡಿಮಿ, ಫೆರಿಟಿನ್ ಹೆಚ್ಚು ಅನ್ನೋ ಜೋಡಿ ದಿನಾ ಕಾಣ್ತದ. ಆದ್ರ 900 ಅಂದ್ರ ಮತ್ತೊಮ್ಮೆ ಮಾಡ್ಸಿ ನೋಡಬೇಕಿತ್ತು, ಸಿಆರ್‌ಪಿ ಮಾಡ್ಸಿ ಉರಿಯೂತ ಅದನೋ ಇಲ್ಲೋ ನೋಡಬೇಕಿತ್ತು, ಅದಾಗೋ ತನಕ ಡ್ರಿಪ್ ನಿಲ್ಲಿಸಬೇಕಿತ್ತು. ಆ ಕಾಗದ ನನ್ನ ಕೈಯಾಗೇ ಇತ್ತು, ನಾನೇ ಫೈಲಿಗಿ ಸೇರಿಸಿದ್ದು.

ಹೈದರಾಬಾದಿನಾಗ ಮಾಡ್ಸಿದ್ರ: ರಕ್ತದ ಕಬ್ಬಿಣ 24, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಹೊರೋ ಪ್ರೋಟೀನ್ ಎಷ್ಟು ತುಂಬ್ಯಾದ ಅನ್ನೋದು) ಬರೇ 9%, ಫೆರಿಟಿನ್ 1,680, ಸಿಆರ್‌ಪಿ ನಾರ್ಮಲ್, ಹಿಮೋಗ್ಲೋಬಿನ್ 9.1. ಹೊಟ್ಟಿ ಎಂಆರ್‌ಐ ಮಾಡಿದ್ರ ಲಿವರೂ ಕಪ್ಪು. ಮೆದುಳಿನಾಗ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಹಿಂದ ಕಿರುಮೆದುಳಿನ ಡೆಂಟೇಟ್, ಎಲ್ಲಾ ಕಡಿ. ರಕ್ತ ಕಡಿಮಿ, ಶುಗರ್, ಕಣ್ಣಿನ ಪರದ ಚುಕ್ಕಿ, ತೂರಾಟ, ನಾಕೂ ಒಂದೇ ರೋಗ ಅಂದ್ರು ಡಾಕ್ಟ್ರು. ಅಸೆರುಲೋಪ್ಲಾಸ್ಮಿನೀಮಿಯಾ. ಹೆಸರು ಬಾಯಾಗ ತಿರುಗೋಕೆ ನನಗ ಒಂದು ವಾರ ಹಿಡೀತು, ಮಾಮಾಗ ಇನ್ನೂ ತಿರುಗಲ್ಲ, ಅವರು 'ಅಸರ್ ರೋಗ' ಅಂತಾರ.

ಇದನ್ನ 1987ರಾಗ ಜಪಾನಿನ ಮಿಯಾಜಿಮಾ ಅನ್ನೋ ಡಾಕ್ಟ್ರು ಮತ್ತ ಅವರ ಜೊತೀಯೋರು ಮೊದ್ಲ ವರದಿ ಮಾಡಿದ್ದು, ಅವರ ಪೇಷೆಂಟಿಗೂ ಕಣ್ಣು ಬಿಗಿ ಆಗಿ ಮುಚ್ಕೊಳ್ಳೋದು, ಕಣ್ಣಿನ ಪರದ ತ್ರಾಸು, ಶುಗರ್. ಇದನ್ನ ಓದಿದಾಗ ನನಗ ಮೈ ಜುಂ ಅಂತು, ಆ ಹೆಣ್ಮಗಳು ಎಲ್ಲೋ ಜಪಾನದಾಕಿ, ನಮ್ಮಕ್ಕ ಆಳಂದ ಕಡಿಯಾಕಿ, ಕಣ್ಣು ಮಾತ್ರ ಇಬ್ಬರದೂ ಒಂದೇ ನಮೂನಿ ಮುಚ್ಚಿದ್ವು. 1995ರಾಗ ಜೀನ್ ದೋಷ ಸಿಕ್ತು, 3ನೇ ಕ್ರೋಮೋಸೋಮಿನ ಮ್ಯಾಲ. ಜಪಾನಿನಾಗ ಒಳಸಂಬಂಧ ಇಲ್ಲದ ಮನೆತನದಾಗ 20 ಲಕ್ಷಕ್ಕ ಒಬ್ರಿಗಿ ಅಂತ ಅಂದಾಜು. ಒಳಸಂಬಂಧ ಇದ್ದಲ್ಲಿ ಆ ಲೆಕ್ಕ ನಡಿಯಲ್ಲ.

ಈಗ ಒಳಗ ಏನಾಗ್ತದ ಅನ್ನೋದು. ಡಾಕ್ಟ್ರು ಚಿತ್ರ ಬರ್ದು ತೋರಿಸಿದ್ರು, ನನಗ ತಿಳದಿದ್ದು ಮಾತ್ರ ನಮ್ಮ ಗಂಜ್ ಬಜಾರದ ಲೆಕ್ಕದಾಗ, ಹಂಗೇ ಹೇಳ್ತೀನಿ. ತೊಗರಿ ಗೋದಾಮು ಅದ ಅನ್ಕೋರಿ. ಮಾಲು ಮಾಡಿಗಿ ಹತ್ತಂಗ ತುಂಬ್ಯಾದ. ಬಾಗಿಲು ಅದ, ಆ ಬಾಗಿಲಿನ ಹೆಸರು ಫೆರೋಪೋರ್ಟಿನ್, ಜೀವಕೋಶದಾಗಿಂದ ಕಬ್ಬಿಣ ಹೊರಗ ಬರೋಕೆ ಅದೊಂದೇ ದಾರಿ. ಹೊರಗ ಲಾರಿ ನಿಂತದ, ಅದು ಟ್ರಾನ್ಸ್‌ಫೆರಿನ್, ಒಂದು ಲಾರಿಗಿ ಎರಡೇ ಚೀಲ. ಆದ್ರ ಲಾರಿಯಾಂವ ಖುಲ್ಲಾ ಕಾಳು ಹಾಕಿಸ್ಕೊಳ್ಳಲ್ಲ, ಚೀಲದಾಗ ತುಂಬಿ ಬಾಯಿ ಹೊಲಿದಿರಬೇಕು. ಬಾಗಿಲಿನಾಗಿಂದ ಬರೋ ಕಬ್ಬಿಣ ಫೆರಸ್, ಖುಲ್ಲಾ ಕಾಳು. ಲಾರಿಗಿ ಬೇಕಾದ್ದು ಫೆರಿಕ್. ಆ ಹೊಲಿಯೋ ಹಮಾಲನೇ ಸೆರುಲೋಪ್ಲಾಸ್ಮಿನ್. 1948ರಾಗ ಸ್ವೀಡನ್ನಿನ ಹೋಮ್‌ಬರ್ಗ್ ಮತ್ತ ಲೌರೆಲ್ ಇದನ್ನ ರಕ್ತದಾಗಿಂದ ಬ್ಯಾರಿ ಮಾಡಿದಾಗ ನೀಲಿ ಬಣ್ಣ ಇತ್ತಂತ, ಅದಕ್ಕ ಲ್ಯಾಟಿನ್ನಿನ ಆಕಾಶದ ಬಣ್ಣದ ಹೆಸರು ಇಟ್ರು. ಅದರೊಳಗ 6 ತಾಮ್ರದ ಪರಮಾಣು ಇರ್ತಾವ, ಅದಕ್ಕೇ ಅದನ್ನ ತಾಮ್ರ ಹೊರೋ ಪ್ರೋಟೀನ್ ಅಂತ ಭಾಳ ದಿನ ಅನ್ಕೊಂಡಿದ್ರು, ಖರೆ ಕೆಲಸ ನೋಡಿದ್ರ ಕಬ್ಬಿಣದ್ದು.

ಅಕ್ಕನ ಮೈಯಾಗ ಈ ಹಮಾಲ ಹುಟ್ಟಿನಿಂದನೇ ಇಲ್ಲ. ಮಾಲು ಗೋದಾಮಿನಾಗೇ ಉಳೀತದ. ಹಮಾಲ ಇಲ್ಲಂದ್ರ ಬಾಗಿಲೂ ಭಾಳ ದಿನ ನಿಲ್ಲಲ್ಲ, ಜೀವಕೋಶ ಆ ಫೆರೋಪೋರ್ಟಿನ್ನೇ ಒಳಗ ಎಳ್ಕೊಂಡು ಮುರೀತದ. ಲಾರಿಗಳು ಖಾಲಿ ಖಾಲಿ ಓಡ್ಯಾಡ್ತಾವ, ರಕ್ತ ಮಾಡೋ ಮೂಳಿ ಮಜ್ಜಿಗಿ ಮಾಲು ಬರಲ್ಲ, ಹಿಮೋಗ್ಲೋಬಿನ್ 9. ಇದು ಸಣ್ಣ ಮಾತಲ್ರಿ, ಹಳೀ ಕೆಂಪು ಕಣ ಒಡದು ದಿನಾ 20ರಿಂದ 25 ಮಿಲಿಗ್ರಾಂ ಕಬ್ಬಿಣ ಹೊಳ್ಳಿ ಹೊಳ್ಳಿ ಉಪಯೋಗ ಆಗಬೇಕು, ಊಟದಾಗಿಂದ ಬರೋದು ದಿನಕ್ಕ 1ರಿಂದ 2 ಮಿಲಿಗ್ರಾಂ ಅಷ್ಟೇ, ಅಂದ್ರ ಧಂದೆಯೆಲ್ಲಾ ಗೋದಾಮಿನ ಮಾಲಿನ ಮ್ಯಾಲೇ ನಡಿಯೋದು.

ಇನ್ನೊಂದು ತಿರುವು ಅದ. ಲಿವರಿನಾಗ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಅದ, ಅದು ಮಾಲಕ. ಕಬ್ಬಿಣ ಹೆಚ್ಚಾದ್ರ ಫೆರೋಪೋರ್ಟಿನ್ ಬಾಗಿಲು ಬಂದ್ ಮಾಡಿಸ್ತದ, ಕರುಳಿನಾಗಿಂದ ಹೊಸ ಮಾಲು ಬರಲ್ಲ. ಆದ್ರ ಇಲ್ಲಿ ಬಜಾರದಾಗ ಮಾಲಿಲ್ಲ, ರಕ್ತ ಕಡಿಮಿ ಅಂತ ಕೂಗು, ಮಾಲಕ ಬಜಾರದ ಕೂಗು ಕೇಳ್ತಾನ, ಗೋದಾಮು ತುಂಬ್ಯಾದೋ ಇಲ್ಲೋ ಬಗ್ಗಿ ನೋಡಲ್ಲ, ತರಿಸ್ರಿ ಅಂತಾನ. ಕರುಳಿನಾಗ ಬ್ಯಾರೆ ಹಮಾಲ ಅದಾನ, ಹೆಫೆಸ್ಟಿನ್, ಗ್ರೀಕರ ಕಮ್ಮಾರ ದೇವರ ಹೆಸರು ಇಟ್ಟಾರ ಅದಕ್ಕ, ಅವನ ಕೆಲಸ ಬರೋಬರ್ ನಡೀತದ. ಹಂಗಾಗಿ ಮಾಲು ಒಳಗ ಬರ್ತಾನೇ ಇರ್ತದ, ಲಿವರಿನಾಗ, ಪ್ಯಾಂಕ್ರಿಯಾಸಿನಾಗ ಕೂಡ್ತಾನೇ ಇರ್ತದ. ಪ್ಯಾಂಕ್ರಿಯಾಸಿನಾಗ ಕೂತಿದ್ದಕ್ಕೇ ಶುಗರ್. ಮೈಗಿ ಕಬ್ಬಿಣ ಹೊರಗ ಹಾಕೋಕೆ ತಂದೇ ಅನ್ನೋ ದಾರಿನೇ ಇಲ್ಲ, ಕಣ ಉದುರಿ, ರಕ್ತ ಹೋಗಿ ಹೋದಷ್ಟೇ. ಇಂಥಾದ್ರಾಗ ನಾ ತಿಂಗಳಾ ತಿಂಗಳಾ ಬಸ್ಸಿನಾಗ ಲೋಡ್ ಕಳಿಸ್ಲತ್ತಿದ್ದೆ.

ಮೆದುಳಿಂದು ಬ್ಯಾರೆ ಕಥಿ. ರಕ್ತದಾಗಿಂದ ಮೆದುಳಿಗಿ ಎಲ್ಲಾ ಪದಾರ್ಥ ಬಿಡಲ್ಲ, ನಡುವ ಗೋಡಿ ಅದ, ಅದಕ್ಕ ಮೆದುಳು ತನ್ನ ಸೆರುಲೋಪ್ಲಾಸ್ಮಿನ್ ತಾನೇ ಮಾಡ್ಕೊಳ್ತದ, ಆಸ್ಟ್ರೋಸೈಟ್ ಅನ್ನೋ ಆಳುಕೋಶಗಳು ಅದನ್ನ ತಮ್ಮ ಹೊರಗಿನ ಪರದಕ್ಕ ಸಿಕ್ಕಿಸಿಕೊಂಡಿರ್ತಾವ. ಅದೂ ಇಲ್ಲಂದ್ರ ಕಬ್ಬಿಣ ಆಸ್ಟ್ರೋಸೈಟಿನಾಗೇ ಸಿಕ್ಕಿ ಬೀಳ್ತದ, ಪಕ್ಕದ ನರಕೋಶಕ್ಕ ಬರೋಬರ್ ಸಿಗಲ್ಲ. ನರಕೋಶಕ್ಕ ಕಬ್ಬಿಣ ಬೇಕೇ ಬೇಕು, ಡೋಪಮೈನ್ ಮಾಡೋ ಟೈರೋಸಿನ್ ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಕಬ್ಬಿಣ ಇಲ್ಲದ ನಡಿಯಲ್ಲ. ಇತ್ತ ಕೂಡಿದ ಫೆರಸ್ ಕಬ್ಬಿಣ ಸುಮ್ಕ ಕೂಡಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನೋ ಕಿಡಿ ಹಾರಸ್ತದ, 1894ರಾಗ ಫೆಂಟನ್ ತೋರಿಸಿದ ಕ್ರಿಯೆ, ಕಾಲೇಜಿನಾಗ ನಾನೂ ಬಾಯಿಪಾಠ ಮಾಡಿ ಮಾರ್ಕ್ಸ್ ತೊಗೊಂಡಿದ್ದೆ. ಆ ಕಿಡಿಗಿ ಕೋಶದ ಪರದ, ಡಿಎನ್‌ಎ ಎಲ್ಲಾ ಸುಡ್ತಾವ. ಬೇಸಲ್ ಗ್ಯಾಂಗ್ಲಿಯಾದಾಗ ಆರೋಗ್ಯವಂತರಿಗೂ ಕಬ್ಬಿಣ ಹೆಚ್ಚೇ ಇರ್ತದ, ವಯಸ್ಸಾದಂಗ ಏರ್ತದ, ನಮ್ಮ ಚಲನ ಹದ ಮಾಡೋ ಜಾಗ ಅದೇ. ಅಲ್ಲೇ ಸುಟ್ರ ರೊಟ್ಟಿ ಬಡಿಯೋ ತಾಳ ತಪ್ಪದೇ ಇರ್ತದೇನು.

ಆ ದವಾಖಾನಿ ವರಾಂಡದಾಗ ಬೀದರ್ ಕಡಿಯೋರು ಒಬ್ರು 9 ವರ್ಷದ ಹುಡುಗನ್ನ ಎತ್ಕೊಂಡು ಕುಂತಿದ್ರು, ಪಾದ ಒಳಗ ತಿರುಗಿ ಬಿಗಿ ಆಗಿದ್ವು. ಅವನದು ಪಿಕೆಎಎನ್, ಪಿಎಎನ್‌ಕೆ2 ಜೀನಿನ ದೋಷ, ಅದರ ಎಂಆರ್‌ಐದಾಗ ಕಪ್ಪಿನ ನಡುವ ಬೆಳ್ಳಗ ಚುಕ್ಕಿ ಕಾಣ್ತದ, ಹುಲಿ ಕಣ್ಣು ಅಂತಾರ. ಇದೂ ಮೆದುಳಿನಾಗ ಕಬ್ಬಿಣ ಕೂಡೋ ರೋಗಗಳ ಗುಂಪೇ, ಆದ್ರ ಅಲ್ಲಿ ರಕ್ತದ ಕಬ್ಬಿಣ, ಫೆರಿಟಿನ್ ಎಲ್ಲಾ ನಾರ್ಮಲ್, ಮೂಲ ದೋಷ ಇರೋದು ವಿಟಮಿನ್ ಬಿ5ರಿಂದ ಕೋಎನ್‌ಜೈಮ್ ಎ ಮಾಡೋ ಹಾದಿಯಾಗ. ಹಳೀ ಹೆಸರು ಇಬ್ರು ಜರ್ಮನ್ ಡಾಕ್ಟ್ರದು ಇತ್ತು, ಹಾಲರ್‌ವೋರ್ಡೆನ್ ಮತ್ತ ಸ್ಪಾಟ್ಜ್, 1922ರದ್ದು, ನಾಜಿಗಳು ಕೊಂದ ಮಂದಿ ಮೆದುಳು ತೊಗೊಂಡು ಅಭ್ಯಾಸ ಮಾಡಿದ್ದು ಗೊತ್ತಾಗಿ ಆ ಹೆಸರು ಈಗ ಬಿಟ್ಟಾರ. ಆ ಹುಡುಗನ ಅಪ್ಪಗ ಯಾರೋ ಕಬ್ಬಿಣ ಇರೋದು ಏನೂ ತಿನಸ್ಬ್ಯಾಡ ಅಂದಿದ್ರಂತ, ಸೊಪ್ಪು ಬಿಡಿಸಿ, ಬೆಲ್ಲ ಬಿಡಿಸಿ, ಹುಡುಗ ಸೊರಗಿ ಹೋಗಿತ್ತು. ಡಾಕ್ಟ್ರು ಅವರಿಗಿ ಬೈದ್ರು. ಒಂದೇ ವರಾಂಡದಾಗ ಒಬ್ರಿಗಿ ಕಬ್ಬಿಣ ತಿನಿಸಿದ್ದಕ್ಕ ಬೈಗುಳ, ಇನ್ನೊಬ್ರಿಗಿ ತಿನಸದಿದ್ದಕ್ಕ ಬೈಗುಳ.

ಅದಕ್ಕ ಇಲ್ಲೇ ಹೇಳ್ಬಿಡ್ತೀನಿ, ಇದನ್ನ ಓದಿ ಯಾರೂ ಕಬ್ಬಿಣದ ಗುಳಿಗಿ ಬಿಡಬ್ಯಾಡ್ರಿ, ಬಸುರಿ ಹೆಣ್ಮಕ್ಕಳು ಅಂತೂ ಖಂಡಿತ ಬ್ಯಾಡ. ನಮ್ಮ ಕಡಿ ಹೆಚ್ಚಿನವರಿಗಿ ಖರೇನೇ ಕಬ್ಬಿಣ ಕಡಿಮಿ ಅದ, ಅವರ ಫೆರಿಟಿನ್ 10, 12 ಇರ್ತದ, ಗುಳಿಗಿ ತೊಗೊಂಡ್ರ ರಕ್ತ ಏರ್ತದ. ಮೆದುಳಿನಾಗ ಕಬ್ಬಿಣ ಕಂಡ್ತಂದ್ರ ಎಲ್ಲಾ ರೋಗಕ್ಕೂ ತೆಗದು ಹಾಕಿದ್ರ ಸರಿ ಆಗ್ತದ ಅನ್ನೋದೂ ತಪ್ಪು. ಪಾರ್ಕಿನ್ಸನ್ ಶುರುವಾದ 372 ಮಂದಿ ಮ್ಯಾಲ ಕಬ್ಬಿಣ ತೆಗಿಯೋ ಡೆಫೆರಿಪ್ರೋನ್ ಗುಳಿಗಿ 36 ವಾರ ಕೊಟ್ಟು ಯುರೋಪಿನಾಗ ಟ್ರಯಲ್ ಮಾಡಿದ್ರು, 2022ರಾಗ ಫಲಿತಾಂಶ ಬಂತು. ಸ್ಕ್ಯಾನಿನಾಗ ಕಬ್ಬಿಣ ಇಳೀತು, ರೋಗ ಮಾತ್ರ ಗುಳಿಗಿ ತೊಗೊಂಡೋರಿಗೇ ಜಾಸ್ತಿ ಆತು. ಡೋಪಮೈನ್ ಮಾಡೋಕೆ ಕಬ್ಬಿಣ ಬೇಕು ಅಂದೆನಲ್ಲ, ಅದನ್ನೇ ಕಿತ್ಕೊಂಡಂಗ ಆಗಿರಬೇಕು ಅಂತ ಅವರ ಅನುಮಾನ.

ಅಕ್ಕನ ಕೇಸಿನಾಗ ಮಾತ್ರ ತೆಗಿಯೋದೇ ದಾರಿ, ಯಾಕಂದ್ರ ಮೈಯೆಲ್ಲಾ ಗೋದಾಮು. ಕಬ್ಬಿಣದ ಗುಳಿಗಿ, ವಿಟಮಿನ್ ಸಿ ಬಂದ್. ಡೆಫೆರಾಸಿರಾಕ್ಸ್ ಚಾಲೂ. ಚೀಟಿ ನೋಡಿ ನನಗ ನಗು ಬರಂಗಾತು, ಅಳು ಬರಂಗಾತು, ಅದು ನನ್ನ ಅಂಗಡ್ಯಾಗ ಥಲಸೀಮಿಯಾ ಮಕ್ಕಳಿಗಿ ಅಂತ ತರಿಸೋ ಗುಳಿಗಿ, ಕಬ್ಬಿಣದ ಸ್ಟ್ರಿಪ್ ಇಡೋ ಖಾನೆದ ಮ್ಯಾಲಿನ ಖಾನ್ಯಾಗೇ ಇತ್ತು ಇಷ್ಟು ವರ್ಷ. ಮುಂಜಾನಿ ಖಾಲಿ ಹೊಟ್ಟಿಗಿ ನೀರಿನಾಗ ಕರಗಿಸಿ ಕುಡೀಬೇಕು, ತಿಂಗಳಾ ತಿಂಗಳಾ ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಲಿವರ್ ನೋಡಬೇಕು. ಕಷ್ಟ ಏನಂದ್ರ ಈ ಗುಳಿಗಿ ಮೊದ್ಲ ಲಾರಿಯಾಗಿನ ಅಷ್ಟಿಷ್ಟನ್ನೂ ಇಳಿಸ್ತದ, ಆಮ್ಯಾಲ ಗೋದಾಮಿಗಿ ಕೈ ಹಾಕ್ತದ. 5 ತಿಂಗಳಿಗಿ ಹಿಮೋಗ್ಲೋಬಿನ್ 7.9ಕ್ಕ ಇಳೀತು, ಡೋಸ್ ಅರ್ಧ ಮಾಡಿದ್ರು, 8.6ಕ್ಕ ಬಂತು. 14 ತಿಂಗಳಿಗಿ ಫೆರಿಟಿನ್ 740. ಇನ್ಸುಲಿನ್ ಹಂಗೇ ಅದ. ಮೆದುಳಿನ ಸ್ಕ್ಯಾನ್ ಹಂಗೇ ಅದ. ನಡಗಿ ಸುಧಾರ್ಸಿಲ್ಲ, ಆದ್ರ ಅದಕ್ಕಿಂತ ಮೊದಲಿನ ವರ್ಷ ಕೆಟ್ಟಷ್ಟು ಈ ವರ್ಷ ಕೆಟ್ಟಿಲ್ಲ. ಕಣ್ಣಿಗಿ ಬೊಟ್ಯುಲಿನಮ್ ಇಂಜೆಕ್ಷನ್ ಕೊಡಸ್ತೀವಿ, ಮೂರು ತಿಂಗಳು ಕಣ್ಣು ಬಿಚ್ಚಿರ್ತಾವ, ಅಕಿಗಿ ಎಲ್ಲಾಕ್ಕಿಂತ ಛಲೋ ಅನಿಸಿದ್ದು ಅದೇ. ಮತ್ತ ಊಟ ಆದ ಕೂಡ್ಲೇ ಚಾ ಕುಡಿಯೋದು. ಚಾದಾಗಿನ ಟ್ಯಾನಿನ್ ಕಬ್ಬಿಣ ಹತ್ತೋದನ್ನ ತಡೀತದ, ಕುಡೀಲಿ ಬಿಡ್ರಿ ಅಂತ ಡಾಕ್ಟ್ರು ನಕ್ಕೋತ ಅಂದ್ರು. ಈಗ ನಾ ಹೋದಾಗೆಲ್ಲಾ ಅಕಿ ನನ್ನ ಮುಂದೇ ಕಪ್ಪು ಎತ್ತಿ ತೋರಿಸಿ ಕುಡೀತಾಳ, ಕೈ ನಡುಗಿ ಅರ್ಧ ಬಸಿಗಿ ಚೆಲ್ತದ.

ಇನ್ನ ಮನಿ ಮಂದಿ ಮಾತು. ಜೀನ್ ಟೆಸ್ಟಿನಾಗ ಅಕ್ಕನಿಗಿ ಎರಡೂ ಕಡಿಂದ ಒಂದೇ ದೋಷ ಬಂದದ, ಅಪ್ಪನ ಕಡಿಂದ ಒಂದು, ಅವ್ವನ ಕಡಿಂದ ಒಂದು, ಅಸಲಿಗಿ ಅದು ಒಂದೇ ಮುತ್ಯಾಂದೋ ಅಜ್ಜಿದೋ, ಎರಡು ದಾರಿ ಹಿಡದು ಬಂದು ಅಕಿ ಹತ್ರ ಕೂಡ್ಯಾದ. ಇಂಥಾ ಅಪ್ಪ ಅವ್ವಗ ಹುಟ್ಟಿದ ಒಂದೊಂದು ಕೂಸಿಗೂ ರೋಗ ಬರೋದು ನಾಕರಾಗ ಒಂದು. ನಂದು ಸೆರುಲೋಪ್ಲಾಸ್ಮಿನ್ 12 ಬಂತು, ಅರ್ಧ. ಅಂದ್ರ ನಂದರಾಗ ಒಂದು ಪ್ರತಿ ಕೆಟ್ಟದ್ದು, ಒಂದು ಛಲೋದು. ಇಂಥೋರಿಗಿ ಸಾಮಾನ್ಯಕ್ಕ ರೋಗ ಇರಲ್ಲ. ಅಕ್ಕನ ಮಗನಿಗಿ ಅವ್ವನಿಂದ ಒಂದು ಕೆಟ್ಟ ಪ್ರತಿ ಬಂದೇ ಬಂದಿರ್ತದ, ಟೆಸ್ಟ್ ಮಾಡ್ಸೋದೇ ಬೇಕಿಲ್ಲ.

ನನಗ ಒಬ್ಬಾಕಿ ಮಗಳು, 23. ಅಕಿ ತೊಟ್ಟಿಲದಾಗ ಇದ್ದಾಗಿಂದ ಅಕ್ಕನ ಮಗನಿಗೇ ಅಂತ ಮಾತಾಗಿತ್ತು. ನಾ ಮಗಳ ಟೆಸ್ಟೂ ಮಾಡ್ಸ್ದೆ, ಜೀನಿಂದೇ, ಯಾಕಂದ್ರ ಬರೇ ಸೆರುಲೋಪ್ಲಾಸ್ಮಿನ್ ನಂಬರ್ ಹೆಣ್ಮಕ್ಕಳಾಗ ಹಾರ್ಮೋನಿನಿಂದ ಏರ್ತದ, ಮೋಸ ಮಾಡಬೌದು. ಅಕಿಗೂ ನಂದೇ ಕೆಟ್ಟ ಪ್ರತಿ ಬಂದದ. ಇಬ್ರನ್ನೂ ಕೂಡಿಸಿ ಕಾಗದದ ಮ್ಯಾಲ ಬರ್ದು ತೋರಿಸ್ದೆ, ನಾಕು ಚೌಕ ಹಾಕಿ. ಹುಡುಗ ಸುಮ್ಕ ತಲಿ ಅಲ್ಲಾಡಿಸ್ದ. ಮಗಳು ಅಂದ್ಲು, ಪಪ್ಪಾ, ನನಗ ಅಂವ ಮೊದಲಿಂದ್ಲೂ ಅಣ್ಣ ಇದ್ದಂಗ, ನೀವೇ ಯಾರೂ ಕೇಳ್ಲಿಲ್ಲ. ಅಲ್ಲಿಗಿ ಅದು ಮುಗೀತು. ಮಾಮಾಗ ಹೇಳೀವಿ. ಅಕ್ಕನಿಗಿ ಯಾರೂ ಹೇಳಿಲ್ಲ.

ಮೊನ್ನಿ ರವಿವಾರ ಊರಿಗಿ ಹೋಗಿದ್ವಿ. ಮಗಳು ಕಾಲಿಗಿ ಬಿದ್ದಾಗ ಅಕ್ಕ ಅಕಿ ಗದ್ದ ಹಿಡದು, ತೊದಲಿ ತೊದಲಿ, ಬಂದ್ಯಾ ಸೊಸಿ ಅಂದ್ಲು. ನಮ್ಮ ಮಾತಿನಾಗ ತಮ್ಮನ ಮಗಳೂ ಸೊಸಿನೇ, ಮಗನ ಹೆಂಡ್ತಿನೂ ಸೊಸಿನೇ. ಮಗಳು ಹೂಂ ಅತ್ಯಾ ಅಂದು ಅಡಗಿ ಮನಿಗಿ ಹೋಗಿ ಚಾಕ್ಕ ಇಟ್ಲು.